ದೂರದ ಗೆಳೆಯರೂ ಒಂದು ಆಟವೂ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರೆಲ್ಲ ಕವಿಗಳು, ವಿದ್ವಾಂಸರು. ನಾನಾದರೋ ಪಿಂಪರಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಯಂತ್ರಗಳ ಸದ್ದಿನ ನಡುವೆ ದುಡಿದು ನಿವೃತ್ತನಾದವನು. ಭಾಷಣ ನನ್ನ ಕಸುಬಲ್ಲ. ಆದರೆ ನಮ್ಮ ಕಾರ್ಯದರ್ಶಿಗಳು ಬಿಡಬೇಕಲ್ಲ! “ಶನಿವಾರ ಸಂಜೆ ನೀವು ಅದೇನೋ ಆಟ ಆಡುತ್ತೀರಂತೆ, ಅದನ್ನೇ ಹೇಳಿ” ಎಂದರು. ಅರುವತ್ತೈದು ದಾಟಿದವನು ಆಟದ ವಿಷಯವಾಗಿ ಭಾಷಣ ಮಾಡುತ್ತಾನೆಂದರೆ ಯಾರಿಗೂ ನಗು ಬಂದೀತು. ಮೊದಲು ನಕ್ಕುಬಿಡಿ, ಆಮೇಲೆ ಸ್ವಲ್ಪ ಕೇಳಿ.

ನಾವು ನಾಲ್ವರು ಪುತ್ತೂರು ಕಡೆಯ ಒಂದೇ ಶಾಲೆಯಲ್ಲಿ ಓದಿದ ಗೆಳೆಯರು. ಹೊಟ್ಟೆಪಾಡು ನಮ್ಮನ್ನು ನಾಲ್ಕು ದಿಕ್ಕಿಗೆ ಚೆಲ್ಲಿತು. ಒಬ್ಬ ಮೈಸೂರಿನಲ್ಲಿ, ಒಬ್ಬ ನಾಗಪುರದಲ್ಲಿ, ಇನ್ನೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿ, ನಾನು ಈ ಪುಣೆಯಲ್ಲಿ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಮಕ್ಕಳು ನಮಗೆ ವಿಡಿಯೋ ಕರೆಯನ್ನು ಕಲಿಸಿದರು. ಮೊದಲನೆಯ ವಾರ ಸಂಭ್ರಮವೋ ಸಂಭ್ರಮ. ಮೂರನೆಯ ವಾರಕ್ಕೆ “ಊಟ ಆಯಿತಾ?” “ಆಯಿತು.” “ಮಳೆ ಉಂಟಾ?” “ಇಲ್ಲ.” ಐದನೆಯ ವಾರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು.

ಆ ಬೇಸಿಗೆಯಲ್ಲೇ ನಾಗಪುರದ ಗೆಳೆಯನ ಹೆಂಡತಿ ತೀರಿಕೊಂಡರು. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುವಂತೆಯೂ ಇರಲಿಲ್ಲ. ಆತ ಕರೆಗೆ ತಪ್ಪದೆ ಬರುತ್ತಿದ್ದ, ಮಾತನಾಡುತ್ತಿರಲಿಲ್ಲ. “ಹೇಗಿದ್ದೀ ಮಾರಾಯ?” ಎಂದರೆ “ಇದ್ದೇನೆ” ಎನ್ನುವನು. ಆ ಪ್ರಶ್ನೆಗೆ ಬೇರೆ ಉತ್ತರವಾದರೂ ಏನಿದೆ?

ಇಂತಿರಲು ಒಂದು ರಾತ್ರಿ ನನ್ನ ಮಗಳ ಕೋಣೆಯಿಂದ ಭಾರಿ ಗದ್ದಲ ಕೇಳಿಸಿತು. ಇಣುಕಿ ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ಐದು ಮುಖಗಳು: ಬೆಂಗಳೂರಿನವರು ಕೆಲವರು, ಜರ್ಮನಿಯವರು ಕೆಲವರು. ಒಬ್ಬ ತಾನು ಕಳ್ಳನೆನ್ನುತ್ತಾನೆ, ಒಬ್ಬಳು ತಾನು ಮಾಂತ್ರಿಕಳೆನ್ನುತ್ತಾಳೆ. ನನ್ನ ಮಗಳು ಕೋಟೆಯ ಬಾಗಿಲನ್ನು ವರ್ಣಿಸಿ, “ಈಗ ನೀವೇನು ಮಾಡುತ್ತೀರಿ?” ಎಂದು ಕೇಳುತ್ತಾಳೆ. ಅವರು ಹೇಳುತ್ತಾರೆ. ನಡುವೆ ದಾಳ ಉರುಳುತ್ತದೆ.

ಆಕೆ ವಿವರಿಸಿದಳು. ಇದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ದು. ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬನು ನಡೆಸುವವನು, ಉಳಿದವರು ಒಂದೊಂದು ಪಾತ್ರ. ಪಾತ್ರದ ಬಾಯಲ್ಲಿ ಮಾತನಾಡಬೇಕು. ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಾಗ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಪಾತ್ರದ ಶಕ್ತಿಗೆ ತಕ್ಕ ಅಂಕಿಯನ್ನು ಕೂಡಿಸಿ, ಕೆಲಸದ ಕಷ್ಟಕ್ಕೆ ಗೊತ್ತುಮಾಡಿದ ಅಂಕಿಯನ್ನು ಮುಟ್ಟಿತೇ ಎಂದು ನೋಡುವುದು. ಅಷ್ಟೆ.

“ಎಲಾ, ಇದು ನಮ್ಮ ತಾಳಮದ್ದಳೆಯಲ್ಲವೇ!” ಎಂದೆ.

ಕರಾವಳಿಯ ಕಡೆಯವರಲ್ಲದ ಸಭಿಕರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದಾಗ ನಮ್ಮಲ್ಲಿ ದೇವಸ್ಥಾನದಲ್ಲೋ ಮನೆಯ ಚಾವಡಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನಾಗಿ, ಕೌರವನಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ. ಇದು ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿಯೇ ತಾಳಮದ್ದಳೆಯ ಪ್ರಸ್ತಾಪವಿದೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಿದವರು ಈ ಸಭೆಯಲ್ಲಿಯೂ ಇರಬಹುದು. ರಾವಣನೂ ವಾಲಿಯೂ ತಮ್ಮ ಪಕ್ಷವನ್ನು ತಾವೇ ಎದ್ದುಬಂದು ಹೇಳಿಕೊಳ್ಳುತ್ತಿದ್ದಾರೋ ಎನಿಸುತ್ತಿತ್ತು.

ಒಂದು ವ್ಯತ್ಯಾಸವೇನೋ ಇದೆ. ‘ಕೃಷ್ಣ ಸಂಧಾನ’ದಲ್ಲಿ ಕೃಷ್ಣನು ಎಷ್ಟೇ ಚೆನ್ನಾಗಿ ವಾದಿಸಲಿ, ಕೌರವನು ಐದು ಗ್ರಾಮಗಳನ್ನು ಕೊಡುವಂತಿಲ್ಲ. ಮುಂದಿನ ಪದ್ಯ ಭಾಗವತರ ಕೈಯಲ್ಲಿ ಸಿದ್ಧವಾಗಿದೆ. ಈ ಆಟದಲ್ಲಿ ಮುಂದಿನ ಪದ್ಯವನ್ನು ಯಾರೂ ಬರೆದಿಲ್ಲ. ಆದರೆ ಎರಡಕ್ಕೂ ಜೀವಾಳ ಒಂದೇ: ಎದುರಿನವನು ಏನು ಹೇಳಿದನೋ ಅದಕ್ಕೆ ಉತ್ತರ ಕೊಡಬೇಕು. ಕೇಳದವನು ಆಡಲಾರ.

ಗೆಳೆಯರನ್ನು ಒಪ್ಪಿಸಿದೆ. ನಮ್ಮೂರಿನ ಕಡೆಯ ಕಥೆಯನ್ನೇ ಆರಿಸಿದೆ. 1923ರಲ್ಲಿ ನೇತ್ರಾವತಿ ಉಕ್ಕಿ ಪೇಟೆಗಳನ್ನು ಮುಳುಗಿಸಿದ ನೆರೆ. ಹಿರಿಯರು ತುಳುವಿನಲ್ಲಿ ‘ಮಾರಿ ಬೊಳ್ಳ’ ಎಂದು ಹೇಳಿಕೊಂಡು ಬಂದದ್ದು. ಸ್ಥಳ ಉಪ್ಪಿನಂಗಡಿ, ಕುಮಾರಧಾರೆ ನೇತ್ರಾವತಿಯನ್ನು ಕೂಡುವ ಕಡವು. ಮೈಸೂರಿನವನು ಅಡಕೆ ವ್ಯಾಪಾರಿ, ನ್ಯೂಜೆರ್ಸಿಯವನು ನಾಟಿವೈದ್ಯ, ನಾಗಪುರದವನು ಅಂಬಿಗ. ನಾನು ನಡೆಸುವವನು.

ಮೊದಲನೆಯ ಶನಿವಾರ ಪೂರಾ ಸೋತೆ. ನಲವತ್ತು ಪುಟ ಕಥೆ ಬರೆದಿಟ್ಟುಕೊಂಡಿದ್ದೆ. ಹೊಳೆಯ ಕಡೆ ಬರಬೇಕಾದ ವ್ಯಾಪಾರಿ, “ನನಗೆ ನೆನೆಯುವುದು ಬೇಡ ಮಾರಾಯ, ನಾನು ಛತ್ರದಲ್ಲಿ ಮಲಗುತ್ತೇನೆ” ಎಂದುಬಿಟ್ಟ. ನಾನು ಅವನನ್ನು ಎಳೆದು ತರಲು ಹೋಗಿ ಅರ್ಧ ಗಂಟೆ ಒಬ್ಬನೇ ಮಾತನಾಡಿದೆ. ಮಗಳು ಆಮೇಲೆ ಹೇಳಿದಳು: “ಅಪ್ಪಾ, ನೀವು ಕಥೆ ಹೇಳಬೇಡಿ. ಏನು ಮಾಡುತ್ತೀರಿ ಎಂದು ಕೇಳಿ, ಸುಮ್ಮನಿರಿ.” ಮೇಲ್ವಿಚಾರಕನಾಗಿ ಮೂವತ್ತನಾಲ್ಕು ವರ್ಷ ಅಪ್ಪಣೆ ಕೊಟ್ಟವನಿಗೆ ಸುಮ್ಮನಿರುವುದು ಸುಲಭವೇ? ಕಲಿತೆ. ಮುಂದಿನ ವಾರ ಒಂದೇ ಪುಟ ಬರೆದುಕೊಂಡೆ: ಯಾರು ಯಾರಿದ್ದಾರೆ, ಯಾರಿಗೆ ಏನು ಬೇಕಾಗಿದೆ, ಹೊಳೆ ಎಷ್ಟು ಏರಿದೆ.

ಇಪ್ಪತ್ತು ಮುಖದ ದಾಳ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಚೌಕಾಬಾರದ ಕವಡೆ ಸಾಕೆಂದೆವು. ಕವಡೆ ಇಲ್ಲದ ನ್ಯೂಜೆರ್ಸಿಯವನು ಹುಣಿಸೆಬೀಜದ ಒಂದು ಬದಿಯನ್ನು ತೇಯ್ದು ಬಿಳಿ ಮಾಡಿಕೊಂಡ. ಎರಡು ಬದಿಗೂ ಸಮ ಅವಕಾಶವೆಂದಿಟ್ಟುಕೊಂಡರೆ, ಆರು ಬೀಸಿದಾಗ ಮೂರು ಅಥವಾ ಹೆಚ್ಚು ಅಂಗಾತ ಬೀಳುವುದು 64ರಲ್ಲಿ 42 ಸಲ. ನಾಲ್ಕು ಅಥವಾ ಹೆಚ್ಚು ಬೀಳುವುದು 22 ಸಲ. ಸುಲಭದ ಕೆಲಸಕ್ಕೆ ಮೂರು, ಕಷ್ಟದ್ದಕ್ಕೆ ನಾಲ್ಕು ಎಂದು ಗೊತ್ತುಮಾಡಿದೆವು. ಅವರವರ ಮನೆಯಲ್ಲಿ ಬೀಸಿದ್ದನ್ನು ಅವರವರೇ ಹೇಳುವುದು. ಸುಳ್ಳು ಹೇಳಿದರೆ ಹಿಡಿಯುವವರಿಲ್ಲ. ಆದಕಾರಣ ಯಾರೂ ಹೇಳಲಿಲ್ಲ.

ದೂರದ ಆಟಕ್ಕೆ ಬೇರೆ ತೊಡಕುಗಳೂ ಉಂಟು. ಮಾತು ತಲುಪಲು ಸ್ವಲ್ಪ ತಡವಾಗುವುದರಿಂದ ನಾಲ್ವರೂ ಕೂಡಿ ಹಾಡಹೊರಟರೆ ತಾಳ ಚೆಲ್ಲಾಪಿಲ್ಲಿ. ಮೈಸೂರಿನವನು ಮದ್ದಳೆ ಬಾರಿಸಿದರೆ ಯಂತ್ರವು ಅದನ್ನು ಗದ್ದಲವೆಂದೇ ಬಗೆದು ಅಳಿಸಿಹಾಕುತ್ತದೆ. ಮೂಲ ಧ್ವನಿಯನ್ನು ಹಾಗೆಯೇ ಬಿಡೆಂದು ಯಂತ್ರಕ್ಕೆ ಹೇಳಬೇಕು. ಒಬ್ಬನು ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿ ಮತ್ತೊಬ್ಬನು ಬಾಯಿ ತೆರೆಯಬೇಕೆಂದು ನಿಯಮ ಮಾಡಿದೆವು. ಐವತ್ತು ವರ್ಷದ ಗೆಳೆತನದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕಡಿಯದೆ ಕೇಳಿದ್ದು ಅದೇ ಮೊದಲು! ಹೊತ್ತಿನ ಲೆಕ್ಕ ಬೇರೆ. ನಮ್ಮ ಸಂಜೆ ಆರೂವರೆ ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ ಒಂಬತ್ತು, ಚಳಿಗಾಲಕ್ಕೆ ಎಂಟು. ನವೆಂಬರಿನ ಮೊದಲ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆಂಬುದು ತಿಳಿಯದೆ ನಾವು ಮೂವರು ಒಂದು ಗಂಟೆ ಕಾದದ್ದೂ ಉಂಟು.

ಈಗ ನಾನು ಹೇಳಬೇಕೆಂದು ಬಂದ ಮಾತು. ಶ್ರಾವಣದ ಒಂದು ಶನಿವಾರ. ಇಲ್ಲಿ ಪುಣೆಯಲ್ಲಿಯೂ ಮಳೆ, ಆಟದಲ್ಲಿಯೂ ಮಳೆ. ನ್ಯೂಜೆರ್ಸಿಯ ಗೆಳೆಯನ ಹತ್ತು ವರ್ಷದ ಮೊಮ್ಮಗ ಅಜ್ಜನ ಪಕ್ಕದಲ್ಲಿ ಬಂದು ಕುಳಿತ. ಕನ್ನಡ ಅವನಿಗೆ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಉತ್ತರಿಸುತ್ತಾರೆ, ನೋಡಿ! ಅವನೂ ಆಡುತ್ತೇನೆಂದ. “ಆಗಲಿ, ನೀನು ದಡದಲ್ಲಿ ಸಿಕ್ಕಿಕೊಂಡ ಹುಡುಗ. ಆದರೆ 1923ರ ಅಂಬಿಗನಿಗೆ ಇಂಗ್ಲಿಷ್ ಬಾರದು” ಎಂದೆ. ಹುಡುಗ ತುಂಬ ಹೊತ್ತು ಯೋಚಿಸಿದ. ಕೊನೆಗೆ ಒಂದೊಂದೇ ಮಾತನ್ನು ಹುಡುಕಿ ಜೋಡಿಸಿದ:

“ಅಂಬಿಗಜ್ಜಾ, ನನ್ನ ಅಮ್ಮ ಆಚೆ ಇದ್ದಾಳೆ. ನನಗೆ ಹೋಗಬೇಕು.”

ನಾಗಪುರದವನು ಸುಮ್ಮನಿದ್ದ. ಕರೆ ಕಡಿದುಹೋಯಿತೋ ಎಂದುಕೊಂಡೆ. ಏನಾದರೂ ಹೇಳಿ ತುಂಬಿಬಿಡೋಣವೆಂದು ನನ್ನ ನಾಲಗೆ ತುರಿಸಿತು. ಮಗಳ ಮಾತು ನೆನಪಾಗಿ ತಡೆದುಕೊಂಡೆ. ಆಮೇಲೆ ಆತ ಹೇಳಿದ:

“ಮಗಾ, ನನ್ನವಳೂ ಆಚೆ ದಡದಲ್ಲೇ ಇದ್ದಾಳೆ. ನನಗೂ ಹೋಗಬೇಕು ಅಂತ ಉಂಟು. ಆದರೆ ಈ ನೀರಿಗೆ ದೋಣಿ ಇಳಿಸಿದರೆ ನೀನೂ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ನೀರು ಇಳಿಯಲಿ. ಅಷ್ಟರವರೆಗೆ ನನ್ನ ಹತ್ತಿರ ಕುಳಿತುಕೋ. ನಿನ್ನನ್ನು ನಾನೇ ದಾಟಿಸುತ್ತೇನೆ.”

ಆ ದಿನ ಮತ್ತೆ ಕವಡೆ ಬೀಸಲಿಲ್ಲ. ಆಟ ಮುಗಿದ ಮೇಲೆಯೂ ಆತ ಕರೆಯನ್ನು ಬಿಡಲಿಲ್ಲ. ಹೆಂಡತಿಯ ಕೊನೆಯ ದಿನಗಳನ್ನು ಮೊತ್ತಮೊದಲು ನಮಗೆ ಹೇಳಿದ್ದು ಅಂದೇ. ಮುಕ್ಕಾಲು ಗಂಟೆ ಹೇಳಿದ. ಎರಡು ಎಣಿಸುವ ನಿಯಮವನ್ನು ಯಾರೂ ಮೀರಲಿಲ್ಲ.

ಆಟದಿಂದ ದುಃಖ ಹೋಯಿತೆಂದು ನಾನು ಹೇಳಲಾರೆ; ಹೋಗಿಲ್ಲ. ಆದರೆ “ಹೇಗಿದ್ದೀ?” ಎಂದು ಹತ್ತು ವಾರ ಕೇಳಿದ ನಮಗೆ ದೊರೆಯದ ಉತ್ತರ, ದಾರಿ ಕೇಳಿದ ಒಬ್ಬ ಹುಡುಗನಿಗೆ ದೊರೆಯಿತು. ಏಕೆಂದರೆ ನಮ್ಮ ಪ್ರಶ್ನೆಗೆ ಉತ್ತರ ಕೊಡದೆಯೂ ತೀರುತ್ತಿತ್ತು; ಹುಡುಗನದಕ್ಕೆ ಕೊಡದೆ ತೀರದು. ನುಡಿಯ ವಿಷಯವೂ ಹೀಗೆಯೇ ಎಂದು ನನಗೆ ತೋರುತ್ತದೆ. ಮಕ್ಕಳಿಗೆ “ಕನ್ನಡದಲ್ಲಿ ಮಾತನಾಡು” ಎಂದು ಎಷ್ಟು ಸಲ ಹೇಳಿದರೂ ಬಾರದ ಕನ್ನಡ, ಕನ್ನಡವಿಲ್ಲದೆ ಹೊಳೆ ದಾಟಲಾಗದೆಂಬ ಕಡೆ ತಾನಾಗಿ ಬರುತ್ತದೆ. ಆ ಹುಡುಗ ಈಗ ನನ್ನ ಭುಜದೆತ್ತರ ಬೆಳೆದಿದ್ದಾನಂತೆ. ತಿಂಗಳಿಗೊಂದು ಶನಿವಾರ ಆಟ ನಡೆಸುವವನು ಅವನೇ. “ನೀವೇನು ಮಾಡುತ್ತೀರಿ?” ಎಂದು ಕನ್ನಡದಲ್ಲಿ ಕೇಳಿ, ಸುಮ್ಮನಿರುತ್ತಾನೆ. ನನಗಿಂತ ಚೆನ್ನಾಗಿ ಸುಮ್ಮನಿರುತ್ತಾನೆ.

ಸಂಘದವರಲ್ಲಿ ನನ್ನದೊಂದು ಅರಿಕೆ. ಊರು ಬಿಟ್ಟು ಬಂದ ನಮಗೆಲ್ಲರಿಗೂ ದೂರದಲ್ಲಿ ಒಬ್ಬ ಗೆಳೆಯನಿದ್ದಾನೆ. ಮನೆಯಲ್ಲಿ ಒಂದು ಮಗುವಿದೆ. ತಿಂಗಳಿಗೊಂದು ಸಂಜೆ ಇದೇ ಸಭಾಂಗಣದ ಮೂಲೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಕೊಡಿ. ಬರಲಾಗದವರು ಪರದೆಯ ಮೇಲೆ ಬರಲಿ. ಆರು ಕವಡೆಗಳನ್ನು ನಾನು ತರುತ್ತೇನೆ.