ಒಂದಕ್ಷರದ ವ್ಯತ್ಯಾಸ: ರಕ್ತಕಣ, ರೋಗ ಮತ್ತು ಚಿಕಿತ್ಸೆ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಧರ್ಮ, ಸಾಹಿತ್ಯ, ಇತಿಹಾಸಗಳನ್ನು ಕುರಿತು ಬಲ್ಲವರು ಮಾತನಾಡಿರುವರು. ನನಗೆ ವಿಧಿಸಿರುವ ವಿಷಯವು ಬೇರೆ ತೆರನಾದುದು. ನಮ್ಮ ಶರೀರದಲ್ಲಿ ಜೀನುಗಳೆಂಬ ವಂಶವಾಹಿಗಳೂ ಪ್ರೋಟೀನುಗಳೂ ಹೇಗೆ ಕೆಲಸ ಮಾಡುವುವು, ಅವುಗಳಲ್ಲಿ ವ್ಯತ್ಯಾಸವುಂಟಾದರೆ ರೋಗವು ಹೇಗೆ ತಲೆದೋರುವುದು, ಆ ತಿಳಿವಳಿಕೆಯಿಂದ ಚಿಕಿತ್ಸೆಗೆ ಯಾವ ದಾರಿ ದೊರೆತಿದೆ ಎಂಬುದನ್ನು ಅರಿಕೆ ಮಾಡಬೇಕೆಂದು ಅಪ್ಪಣೆಯಾಗಿದೆ. ವಿಷಯವು ಅಪಾರವಾದುದು. ಎಲ್ಲವನ್ನೂ ಹೇಳಹೊರಟರೆ ಯಾವುದೊಂದೂ ಮನಸ್ಸಿನಲ್ಲಿ ನಿಲ್ಲದು. ಆದುದರಿಂದ ಒಂದೇ ರೋಗವನ್ನು ಹಿಡಿದು, ಅದರ ಮೂಲದಿಂದ ಚಿಕಿತ್ಸೆಯವರೆಗೆ ವಿಚಾರಿಸೋಣ. ಆ ರೋಗವೇ ಕುಡುಗೋಲು ಕಣ ರಕ್ತಹೀನತೆ. ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂದು ಕರೆಯುವುದು ಇದನ್ನೇ. ಇದು ದೂರದೇಶದ ಕಥೆಯಲ್ಲ. ನಮ್ಮ ಕರ್ನಾಟಕದ ಕಾಡಂಚಿನ ಹಾಡಿಗಳಲ್ಲಿಯೂ ಇದರಿಂದ ನರಳುವ ಮಕ್ಕಳಿರುವರು.

ಮೊದಲು ಜೀವಕೋಶದ ವ್ಯವಸ್ಥೆಯನ್ನು ತಿಳಿಯತಕ್ಕದ್ದು. ಹಳೆಯ ಮಠಗಳ ಗ್ರಂಥಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳಿರುವುದನ್ನು ತಾವೆಲ್ಲರೂ ಬಲ್ಲಿರಿ. ಮೂಲಪ್ರತಿಯು ಭಂಡಾರದಲ್ಲಿಯೇ ಇರುವುದು. ಬೇಕಾದವರು ಬೇಕಾದ ಭಾಗವನ್ನು ನಕಲು ಮಾಡಿಕೊಂಡು ಒಯ್ಯುವರು. ಜೀವಕೋಶದಲ್ಲಿಯೂ ಹೆಚ್ಚುಕಡಿಮೆ ಇದೇ ಏರ್ಪಾಡು. ಕೋಶದ ನಡುವಣ ಕೇಂದ್ರವೇ ಅದರ ಭಂಡಾರ. ಅಲ್ಲಿ ಡಿಎನ್‌ಎ ಎಂಬ ಸುದೀರ್ಘ ತಂತುಗಳ ಮೇಲೆ ನಾಲ್ಕೇ ನಾಲ್ಕು ಅಕ್ಷರಗಳಿಂದ ಬರೆದ ಗ್ರಂಥವುಂಟು. ಅದರ ಒಂದು ಪ್ರತಿಯು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಒಂದೊಂದು ಪ್ರತಿಯಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿರುವುವು. ಒಂದೊಂದು ಪ್ರೋಟೀನನ್ನು ಕಟ್ಟುವ ಬಗೆಯನ್ನು ಹೇಳುವ ಭಾಗಕ್ಕೆ ಜೀನು ಎಂದು ಹೆಸರು. ಮನುಷ್ಯನಲ್ಲಿ ಇಂತಹ ಜೀನುಗಳು ಸುಮಾರು 20,000.

ಪ್ರೋಟೀನು ಬೇಕಾದಾಗ ಆ ಭಾಗದ ನಕಲೊಂದು ತಯಾರಾಗಿ ಕೇಂದ್ರದಿಂದ ಹೊರಬರುವುದು. ಈ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ಹೊರಗಿರುವ ರೈಬೋಸೋಮುಗಳೆಂಬ ಸೂಕ್ಷ್ಮ ಯಂತ್ರಗಳು ಅದನ್ನು ಮೂರು ಮೂರು ಅಕ್ಷರಗಳಂತೆ ಓದಿ, ಓದಿದ ಪ್ರತಿಯೊಂದು ಪದಕ್ಕೂ ಒಂದೊಂದು ಅಮೈನೋ ಆಮ್ಲವನ್ನು ಮಣಿಯಂತೆ ಪೋಣಿಸುವುವು. ಅಂತಹ ಮಣಿಗಳಲ್ಲಿ 20 ಬಗೆಗಳು. ಯಾವ ಮೂರಕ್ಷರಕ್ಕೆ ಯಾವ ಮಣಿಯೆಂಬ ಗುಟ್ಟನ್ನು ಬಿಡಿಸಿದವರಲ್ಲಿ ಅವಿಭಕ್ತ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರೂ ಒಬ್ಬರು. ಈ ಕಾರ್ಯಕ್ಕಾಗಿ 1968ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಹೀಗೆ ಪೋಣಿಸಿದ ಸರವು ಸರವಾಗಿಯೇ ಉಳಿಯುವುದಿಲ್ಲ. ಅದು ಮಡಿಸಿಕೊಂಡು, ಸುತ್ತಿಕೊಂಡು, ಒಂದು ನಿಶ್ಚಿತವಾದ ಆಕಾರವನ್ನು ತಾಳುವುದು. ಆಕಾರವೇ ಅದರ ಕಾರ್ಯಕ್ಕೆ ಆಧಾರ. ಕೀಲಿಕೈಯ ಹಲ್ಲು ಸವೆದರೆ ಬೀಗವು ತೆರೆಯದು. ಪ್ರೋಟೀನಿನ ಆಕಾರ ಕೆಟ್ಟರೆ ಕೋಶದ ಕೆಲಸ ಕೆಡುವುದು. ಈ ಸರಗಳು ಯಾವ ಯಾವ ಕೋನಗಳಲ್ಲಿ ಮಾತ್ರ ಬಾಗಬಲ್ಲವೆಂಬುದನ್ನು 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಶಾಸ್ತ್ರಕ್ಕಾಗಿ ಒಂದು ವಿಭಾಗವನ್ನು ಕಟ್ಟಿ ಬೆಳೆಸಿದ ಕೀರ್ತಿಯೂ ಅವರದೇ.

ಇನ್ನೊಂದು ಮಾತು. ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಇರುವ ಗ್ರಂಥವು ಒಂದೇ. ಆದರೆ ಎಲ್ಲ ಕೋಶಗಳೂ ಎಲ್ಲ ಅಧ್ಯಾಯಗಳನ್ನೂ ಓದುವುದಿಲ್ಲ. ಕೆಲವು ಅಧ್ಯಾಯಗಳು ತೆರೆದಿರುವುವು, ಕೆಲವಕ್ಕೆ ಬೀಗ ಬಿದ್ದಿರುವುದು. ಈ ಬೀಗದ ಸಂಗತಿಯನ್ನು ದಯಮಾಡಿ ನೆನಪಿನಲ್ಲಿಡಬೇಕು. ಚಿಕಿತ್ಸೆಯ ಮಾತು ಬಂದಾಗ ಇದೇ ಮುಖ್ಯವಾಗುವುದು.

ಇನ್ನು ನಮ್ಮ ರೋಗದ ವಿಚಾರ. ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ಪ್ರೋಟೀನು ತುಂಬಿರುವುದು. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು, ಅಂಗಾಂಗಗಳಿಗೆ ಒಯ್ದು ಇಳಿಸುವುದೇ ಇದರ ಕಾಯಕ. ಇದರಲ್ಲಿ ನಾಲ್ಕು ಸರಗಳು: ಆಲ್ಫಾ ಎರಡು, ಬೀಟಾ ಎರಡು. ಬೀಟಾ ಸರದಲ್ಲಿ 146 ಮಣಿಗಳು. ಅದರ ಜೀನು ಹನ್ನೊಂದನೆಯ ವರ್ಣತಂತುವಿನಲ್ಲಿರುವುದು.

1910ರಲ್ಲಿ ಶಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಎಂಬಾತನು ತೀವ್ರ ರಕ್ತಹೀನತೆಯಿಂದ ಬಳಲುತ್ತಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿದ್ದುದನ್ನು ವರ್ಣಿಸಿ ಬರೆದನು. ಕಣವು ಏಕೆ ಬಾಗಿತೆಂಬುದಕ್ಕೆ ಬಹುಕಾಲ ಉತ್ತರವಿರಲಿಲ್ಲ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ನನ್ನೂ ಆರೋಗ್ಯವಂತರದನ್ನೂ ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡಿದಾಗ, ಎರಡೂ ಬೇರೆ ಬೇರೆಯಾಗಿ ಚಲಿಸಿದುವು. ರೋಗದ ಬೇರು ಒಂದು ಪ್ರೋಟೀನಿನ ಅಣುವಿನಲ್ಲಿಯೇ ಇದೆಯೆಂದು ಲೋಕಕ್ಕೆ ತಿಳಿದದ್ದು ಆಗ. ಅನಂತರ ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಮ್ ಎಂಬಾತನು ಆ ಪ್ರೋಟೀನನ್ನು ಸುಮಾರು 30 ತುಣುಕುಗಳನ್ನಾಗಿ ಕತ್ತರಿಸಿ ಹೋಲಿಸಿದನು. ಒಂದು ತುಣುಕಿನ ಹೊರತು ಮಿಕ್ಕೆಲ್ಲವೂ ಸಮಾನವಾಗಿದ್ದುವು. 1957ರ ವೇಳೆಗೆ ಆ ಒಂದು ತುಣುಕಿನ ರಹಸ್ಯವೂ ಬಯಲಾಯಿತು: ಬೀಟಾ ಸರದ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲಿನ್ ಎಂಬ ಬೇರೊಂದು ಮಣಿ ಸೇರಿಕೊಂಡಿದ್ದಿತು.

ಜೀನಿನ ಲಿಪಿಯಲ್ಲಿ ನೋಡಿದರೆ ಇದು ಒಂದೇ ಅಕ್ಷರದ ಬದಲಾವಣೆ. ಲಿಪಿಕಾರನು ‘ಹಾಲು’ ಎಂದು ಬರೆಯಬೇಕಾದಲ್ಲಿ ‘ಹಾಳು’ ಎಂದು ಬರೆದರೆ ಎಷ್ಟು ವ್ಯತ್ಯಾಸವೋ ಅಷ್ಟೇ. ಆದರೆ ಅರ್ಥವೆಲ್ಲವೂ ತಲೆಕೆಳಗಾಗುವುದಲ್ಲವೆ? ಗ್ಲುಟಾಮಿಕ್ ಆಮ್ಲವು ನೀರಿನೊಡನೆ ಒಗ್ಗುವುದು. ವ್ಯಾಲಿನ್ ನೀರನ್ನು ಒಲ್ಲದು. ಆಮ್ಲಜನಕವನ್ನು ಇಳಿಸಿದ ಹಿಮೋಗ್ಲೋಬಿನ್ ಅಣುಗಳು ಈ ಹೊಸ ಮಣಿಯ ದೆಸೆಯಿಂದ ಒಂದಕ್ಕೊಂದು ಅಂಟಿಕೊಂಡು, ಉದ್ದನೆಯ ನಾರುಗಳಾಗಿ ಕಣದೊಳಗೆ ಬೆಳೆಯುವುವು. ಮೃದುವಾಗಿ ಬಳುಕಬೇಕಾದ ಕಣವು ಬಿರುಸಾಗಿ ಕುಡುಗೋಲಿನಂತಾಗುವುದು. ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದಾರಿಯನ್ನು ಕಟ್ಟುವುದು. ಮೂಳೆಗಳಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಸಹಿಸಲಸಾಧ್ಯವಾದ ನೋವು ಹುಟ್ಟುವುದು. ಗುಲ್ಮವು ಕೆಡುವುದರಿಂದ ಎಳೆಯ ಮಕ್ಕಳಿಗೆ ಸೋಂಕು ಮಾರಕವಾಗುವುದು. ಸಾಮಾನ್ಯ ಕಣವು ಸುಮಾರು 120 ದಿನ ಬದುಕಿದರೆ, ಕುಡುಗೋಲು ಕಣವು 10ರಿಂದ 20 ದಿನಗಳಲ್ಲಿ ಅಳಿಯುವುದು. ರಕ್ತಹೀನತೆಗೆ ಇದೇ ಕಾರಣ.

ತಂದೆ ತಾಯಿಗಳಿಬ್ಬರಿಂದಲೂ ಬದಲಾದ ಜೀನು ಬಂದ ಮಗುವಿಗೆ ಈ ರೋಗ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿಯು ವಾಹಕನು. ಸಾಧಾರಣವಾಗಿ ಆರೋಗ್ಯದಿಂದಲೇ ಇರುವನು. ವಾಹಕರಿಬ್ಬರು ವಿವಾಹವಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲೊಂದು, ವಾಹಕವಾಗುವ ಸಂಭವವು ಅರ್ಧ, ಎರಡೂ ಇಲ್ಲದಿರುವ ಸಂಭವವು ನಾಲ್ಕರಲ್ಲೊಂದು. ವಾಹಕನೂ ಆರೋಗ್ಯವಂತನೂ ಕೂಡಿದಲ್ಲಿ ಮಕ್ಕಳಿಗೆ ಈ ರೋಗವಿಲ್ಲ.

ಇಂತಹ ಅಪಾಯದ ಅಕ್ಷರವು ಸಾವಿರಾರು ವರ್ಷಗಳಿಂದ ಏಕೆ ಉಳಿದುಬಂದಿತು? 1954ರಲ್ಲಿ ಆಂತೋನಿ ಆಲಿಸನ್ ಎಂಬಾತನು ಪೂರ್ವ ಆಫ್ರಿಕದಲ್ಲಿ ನಡೆಸಿದ ಶೋಧನೆಯು ಇದಕ್ಕೆ ಸಮಾಧಾನ ನೀಡಿತು. ವಾಹಕರಿಗೆ ಮಲೇರಿಯದಿಂದ ಸಾಯುವ ಭಯ ಕಡಿಮೆ. ಮಲೇರಿಯವು ಮುತ್ತಿದ ಕಾಡುನಾಡುಗಳಲ್ಲಿ ಈ ಅಕ್ಷರವು ಒಂದು ಪ್ರತಿಯಾಗಿದ್ದಾಗ ಪ್ರಾಣವನ್ನುಳಿಸಿತು. ಎರಡಾದಾಗ ಪ್ರಾಣಕ್ಕೆ ಮುಳುವಾಯಿತು. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಲಕ್ಷಣವಿರುವುದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬವರು 1952ರಲ್ಲಿ ಪ್ರಕಟಿಸಿದರು. ಆದುದರಿಂದ ಇದು ಯಾವ ಕುಲದ ಕಳಂಕವೂ ಅಲ್ಲ, ಯಾವ ತಾಯಿಯ ಪಾಪಫಲವೂ ಅಲ್ಲ. ಪೂರ್ವಿಕರ ಪ್ರಾಣವನ್ನು ಕಾಯ್ದ ಅಕ್ಷರಕ್ಕೆ ಮೊಮ್ಮಕ್ಕಳು ಕೊಡುತ್ತಿರುವ ಬೆಲೆ ಇದು.

ಇನ್ನು ಚಿಕಿತ್ಸೆ. ಈ ಮಕ್ಕಳು ಹುಟ್ಟಿದ ಮೊದಲ ಕೆಲವು ತಿಂಗಳು ನೆಮ್ಮದಿಯಿಂದಿರುವರು. ಅದಕ್ಕೆ ಕಾರಣವನ್ನು 1948ರಲ್ಲಿಯೇ ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ಊಹಿಸಿದ್ದಳು. ಗರ್ಭದಲ್ಲಿರುವ ಶಿಶುವಿಗೆ ಬೇರೆಯೇ ಒಂದು ಹಿಮೋಗ್ಲೋಬಿನ್ ಇರುವುದು. ಅದರಲ್ಲಿ ಬೀಟಾ ಸರಗಳ ಬದಲು ಗ್ಯಾಮಾ ಸರಗಳು. ಹುಟ್ಟಿದ ಮೇಲೆ ಗ್ಯಾಮಾ ಅಧ್ಯಾಯಕ್ಕೆ ಮೆಲ್ಲಮೆಲ್ಲನೆ ಬೀಗ ಬೀಳುವುದು, ಬೀಟಾ ಅಧ್ಯಾಯವು ತೆರೆಯುವುದು. ಆಗ ರೋಗವು ಕಾಣಿಸಿಕೊಳ್ಳುವುದು. ಹಾಗಾದರೆ ಮುಚ್ಚಿದ ಆ ಅಧ್ಯಾಯವನ್ನು ಮತ್ತೆ ತೆರೆಯಬಹುದೆ? ಚಿಕಿತ್ಸೆಯ ಇತಿಹಾಸದ ಒಂದು ಮುಖ್ಯ ಭಾಗವು ಈ ಪ್ರಶ್ನೆಯ ಸುತ್ತ ಬೆಳೆದಿದೆ.

ಹೈಡ್ರಾಕ್ಸಿಯೂರಿಯ ಎಂಬ ಔಷಧವು ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುವುದು. ಇದನ್ನು ಸೇವಿಸಿದ ವಯಸ್ಕರಲ್ಲಿ ನೋವಿನ ಆಕ್ರಮಣಗಳು ಅರ್ಧದಷ್ಟಕ್ಕೆ ಸಮೀಪವಾಗಿ ಇಳಿದುವೆಂದು 1995ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಇದು ಬಾಯಿಂದ ನುಂಗುವ ಔಷಧ. ವೈದ್ಯರ ಎಚ್ಚರಿಕೆಯಲ್ಲಿ, ಆಗಾಗ್ಗೆ ರಕ್ತಪರೀಕ್ಷೆ ಮಾಡಿಸುತ್ತ ಸೇವಿಸತಕ್ಕದ್ದು. ಎಳೆಯ ಮಕ್ಕಳಿಗೆ ಪ್ರತಿದಿನವೂ ಪೆನಿಸಿಲಿನ್ ಕೊಟ್ಟರೆ ಮಾರಕ ಸೋಂಕುಗಳು ಬಹುಮಟ್ಟಿಗೆ ತಪ್ಪುವುವೆಂಬುದು 1986ರಲ್ಲಿಯೇ ಸಿದ್ಧವಾಗಿದ್ದಿತು.

2008ರಲ್ಲಿ ಆ ಬೀಗವು ಯಾವುದೆಂಬುದೂ ಗೊತ್ತಾಯಿತು: ಬಿಸಿಎಲ್11ಎ ಎಂಬ ಪ್ರೋಟೀನೇ ಗ್ಯಾಮಾ ಜೀನನ್ನು ಮುಚ್ಚಿಡುವ ಕಾವಲುಗಾರ. 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ವಿದುಷಿಯರು, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿಯೇ ಕತ್ತರಿಸುವ ಕ್ರಿಸ್ಪರ್ ಎಂಬ ಸಾಧನವನ್ನು ಸಿದ್ಧಪಡಿಸಿದರು. 2020ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಈ ಎರಡು ತಿಳಿವಳಿಕೆಗಳು ಕೂಡಿ ಹೊಸ ಚಿಕಿತ್ಸೆಯೊಂದು ಹುಟ್ಟಿತು. ರೋಗಿಯ ರಕ್ತಮೂಲಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಆ ಕಾವಲುಗಾರನ ಅಧಿಕಾರವನ್ನು ಕತ್ತರಿಸಿ, ತೀಕ್ಷ್ಣವಾದ ಔಷಧದಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದುಮಾಡಿದ ಬಳಿಕ ಮತ್ತೆ ದೇಹಕ್ಕೆ ಸೇರಿಸುವರು. ಇದರಲ್ಲಿ ಒಂದು ಸ್ವಾರಸ್ಯವುಂಟು. ತಪ್ಪಾದ ಅಕ್ಷರವನ್ನು ಇಲ್ಲಿ ತಿದ್ದುವುದೇ ಇಲ್ಲ. ಅದು ಇದ್ದಂತೆಯೇ ಇರುವುದು. ಮುಚ್ಚಿದ್ದ ಬೇರೊಂದು ಅಧ್ಯಾಯವನ್ನು ತೆರೆದು, ಅದರಿಂದ ಕಾರ್ಯ ನಡೆಸಿಕೊಳ್ಳುವರು. 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಇದಕ್ಕೆ ಅನುಮತಿ ನೀಡಿದುವು. ಅಮೆರಿಕದ ಅನುಮತಿಗೆ ಆಧಾರವಾದ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ಮಂದಿಯಲ್ಲಿ 29 ಮಂದಿಗೆ ಕಡೆಯ ಪಕ್ಷ ಒಂದು ವರ್ಷ ಒಂದೇ ಸಮನೆ ತೀವ್ರವಾದ ನೋವಿನ ಆಕ್ರಮಣವು ಬಾರದೆ ಹೋಯಿತು.

ಮಹನೀಯರೆ, ಇಲ್ಲಿಗೆ ವಿಜ್ಞಾನದ ಜಯಘೋಷ ಮಾಡಿ ಕುಳಿತುಕೊಳ್ಳಬಹುದಿತ್ತು. ಆದರೆ ಅಮೆರಿಕದಲ್ಲಿ ಈ ಚಿಕಿತ್ಸೆಗೆ ನಿಗದಿ ಮಾಡಿದ ಬೆಲೆಯು 22 ಲಕ್ಷ ಡಾಲರು. ಕಾಡಂಚಿನ ಗುಡಿಸಲಿನಲ್ಲಿ ನೋವಿನಿಂದ ಹೊರಳುವ ಮಗುವಿಗೂ ಈ ಔಷಧಕ್ಕೂ ನಡುವೆ ಇರುವ ಅಂತರವನ್ನು ಯಾವ ಸೂಕ್ಷ್ಮದರ್ಶಕವೂ ಅಳೆಯಲಾರದು. ಅಗ್ಗವಾದ ಚಿಕಿತ್ಸೆಯನ್ನು ಸಾಧಿಸಲು ದೆಹಲಿಯಲ್ಲಿ ನಮ್ಮ ವಿಜ್ಞಾನಿಗಳೂ ಉದ್ಯುಕ್ತರಾಗಿರುವರು. ಅದು ಶೀಘ್ರವಾಗಿ ಕೈಗೂಡಲೆಂದು ಹಾರೈಸೋಣ. ಆದರೆ ಅದಕ್ಕಾಗಿ ಕೈಕಟ್ಟಿ ಕಾಯುವುದು ವಿವೇಕವಲ್ಲ. ಶಿಶುವಿನ ಒಂದು ಹನಿ ರಕ್ತದ ಪರೀಕ್ಷೆ, ಪೆನಿಸಿಲಿನ್, ಹೈಡ್ರಾಕ್ಸಿಯೂರಿಯ ಇವು ನಮ್ಮ ಕೈಗೆ ನಿಲುಕುವಂತಹವು. ಭಾರತ ಸರ್ಕಾರವು 2023ರ ಜುಲೈ 1ರಂದು ಈ ರೋಗದ ನಿರ್ಮೂಲನಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು ಅದರ ಉದ್ದೇಶ. 2047ರೊಳಗೆ ರೋಗವು ಸಾರ್ವಜನಿಕ ಪಿಡುಗಾಗಿ ಉಳಿಯಬಾರದೆಂಬುದು ಗುರಿ.

ಪರೀಕ್ಷೆಯನ್ನು ಸರ್ಕಾರವು ಮಾಡಿಸಬಹುದು. ಪರೀಕ್ಷೆಯ ಫಲವನ್ನು ಸಮಾಜವು ಹೇಗೆ ಬಳಸುವುದೆಂಬುದು ನಮ್ಮನ್ನು ಸೇರಿದ್ದು. ವಾಹಕಳೆಂದು ತಿಳಿದ ಹೆಣ್ಣುಮಗಳ ಸಂಬಂಧವನ್ನು ಬೇಡವೆನ್ನುವುದಕ್ಕೆ ಆ ಚೀಟಿಯು ನೆಪವಾದರೆ, ವಿದ್ಯೆಯು ಅವಿದ್ಯೆಗಿಂತ ಕ್ರೂರವಾಗುವುದು. ಆ ತಿಳಿವಳಿಕೆಯು ಗಂಡು ಹೆಣ್ಣುಗಳಿಬ್ಬರೂ ಮುಂದನ್ನು ಅರಿತು ನಿರ್ಧರಿಸುವುದಕ್ಕಾಗಿ ಇರುವುದೇ ಹೊರತು, ಯಾರನ್ನೂ ದೂರವಿಡುವುದಕ್ಕಲ್ಲ. ನಾಡಿನ ಮಠಗಳು ನಡೆಸುವ ಉಚಿತ ಪ್ರಸಾದ ನಿಲಯಗಳಲ್ಲಿ ಎಲ್ಲ ಕಡೆಯ ಮಕ್ಕಳೂ ಬಂದು ಓದುವರು. ಅಲ್ಲಿ ಒಬ್ಬ ಹುಡುಗನು ಚಳಿಗಾಲದ ಬೆಳಗ್ಗೆ ಮೈಕೈ ನೋವೆಂದು ಏಳಲಾರದಿದ್ದರೆ, ಅವನನ್ನು ಸೋಮಾರಿಯೆಂದು ಗದರಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಲಿ. ಈ ರೋಗವುಳ್ಳ ಮಗುವಿಗೆ ನೀರು ಧಾರಾಳವಾಗಿ ದೊರೆಯಲಿ, ಚಳಿಯಿಂದಲೂ ಅತಿ ಶ್ರಮದಿಂದಲೂ ರಕ್ಷಣೆಯಿರಲಿ. ಜ್ವರ ಬಂದೊಡನೆ ತಡಮಾಡದೆ ಆಸ್ಪತ್ರೆಗೆ ಒಯ್ಯಲಿ. ಇವುಗಳಿಗೆ ಲಕ್ಷ ಡಾಲರು ಬೇಡ. ತಿಳಿದ ಒಬ್ಬ ಮೇಲ್ವಿಚಾರಕನಿದ್ದರೆ ಸಾಕು.

ಜೀನಿನಲ್ಲಿ ಬರೆದ ಅಕ್ಷರವನ್ನು ನಾವು ಆರಿಸಿಕೊಂಡು ಬಂದವರಲ್ಲ. ಆ ಅಕ್ಷರವನ್ನು ಹೊತ್ತು ಬಂದ ಮಗುವಿನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಲ್ಲೆವು.