ಅಂಟುವ ಜೀವಾಣು, ಸೋಸುವ ಸೀರೆ



ಸಿಹಿನೀರಿರಲಿ, ಉಪ್ಪುನೀರಿರಲಿ, ಬ್ಯಾಕ್ಟೀರಿಯಾಗಳು ಆಸರೆಯೊಂದನ್ನು ಅರಸುತ್ತವೆ. ಮೊದಲು ಸಡಿಲವಾಗಿ ತಗುಲಿ, ಬಳಿಕ ಲೋಳೆಯನ್ನು ಸ್ರವಿಸಿ ಭದ್ರವಾಗಿ ನೆಲೆಯೂರುತ್ತವೆ. ಹೊಳೆಗಲ್ಲಿನ ಜಾರಿಕೆಯಲ್ಲಿ ಈ ಲೋಳೆಯ ಪಾಲೂ ಉಂಟು.

ಕಾಲರಾ ರೋಗಾಣುವು ಅಳಿವೆಯಲ್ಲೂ ಕೆರೆಯಲ್ಲೂ ಕೋಪಿಪಾಡ್ ಎಂಬ ಕಿರುಜೀವಿಯ ಕವಚಕ್ಕೆ ಅಂಟಿಕೊಳ್ಳುತ್ತದೆ. ಒಂಟಿ ರೋಗಾಣು ಬಟ್ಟೆಯಲ್ಲಿ ನುಸುಳಿಹೋದೀತು. ಕೋಪಿಪಾಡಿಗೆ ಅಂಟಿದುದು ಅದರೊಡನೆಯೇ ಸಿಕ್ಕಿಬೀಳುತ್ತದೆ. ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಾಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವುದನ್ನು ರೂಢಿಗೆ ತಂದರು. ಕಾಲರಾ ಶೇಕಡಾ 48ರಷ್ಟು ತಗ್ಗಿತೆಂದು 2003ರಲ್ಲಿ ವರದಿ ಮಾಡಿದರು.

ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದ ನಮ್ಮ ತಾಯಂದಿರ ಪದ್ಧತಿಯನ್ನು ಹಗುರವಾಗಿ ಕಾಣಬಾರದು. ಆದರೆ ಸೋಸುವಿಕೆ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ನೀಗಿಸುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿರಿ.