ಕೂಸು ಅತ್ತರೆ ಹಾಲು ಸಾಲದು ಅಂತಲ್ಲ

ಇವತ್ತು ರಾಜಕೀಯ ಬೇಡ, ಕೂಸಿನ ಮಾತಾಡೋಣ.

ನಮ್ಮ ತಂಗಿ ಚೊಚ್ಚಲ ಹೆರಿಗೆಗೆ ರಾಮದುರ್ಗದಿಂದ ತವರಿಗೆ, ಬೈಲಹೊಂಗಲಕ್ಕೆ ಬಂದಿದ್ದಳು. ಕೂಸಿಗೆ ಒಂದೂವರೆ ತಿಂಗಳು. ಸಂಜೆಯಾದರೆ ಸಾಕು, ಅಳು. ಒಂದು ರಾತ್ರಿ ಫೋನ್ ಬಂತು. "ಅಣ್ಣಾ, ನನ್ನ ಹಾಲು ಸಾಲವಲ್ದು. ಬಾಜೂ ಮನಿ ಕೂಸು ಡಬ್ಬಿ ಹಾಲು ಕುಡದು ಗಪ್ಪ ಮಲಗತೈತಿ. ನಮ್ಮದು ಹುಟ್ಟಾ ಹಠಮಾರಿ." ಸವದತ್ತಿಯ ದೊಡ್ಡವ್ವ ಆಗಲೇ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಕಿತ್ತೂರಿನ ಕಾಕಾ ಡಬ್ಬಿ ತಂದೇಬಿಟ್ಟಿದ್ದ. ದಿನಾ ಮಂತ್ರಿಗಳಿಗೆ ಪ್ರಶ್ನೆ ಕೇಳೋ ನಾನು ಅವತ್ತು ಒಂದೂ ಪ್ರಶ್ನೆ ಕೇಳಲಿಲ್ಲ. "ಕೊಡವ್ವಾ" ಅಂದೆ.

ಕೇಳಬೇಕಿದ್ದದ್ದು ಎರಡೇ. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ? ತೂಕ ಏರ್ತಿದೆಯಾ? ದಿನಕ್ಕೆ ಆರೇಳು ಸಲ ಅರಿವೆ ಒದ್ದೆಯಾಗಿ, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತಲೇ ಅರ್ಥ. ಇನ್ನು ಅಳು? ಅದು ಸುಮಾರು ಆರನೇ ವಾರದಲ್ಲಿ ಹೆಚ್ಚಾಗಿ, ಮೂರು-ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 316 ಕೂಸುಗಳ ಸ್ವಭಾವದ ಬಗ್ಗೆ ತಾಯಂದಿರನ್ನೇ ಕೇಳಿದರು. 2012ರಲ್ಲಿ ವರದಿ ಬಂತು. ಮೂರು ತಿಂಗಳ ವಯಸ್ಸಿನಲ್ಲಿ ಎದೆಹಾಲು ಕುಡಿಯುವ ಕೂಸುಗಳೇ ಹೆಚ್ಚು ಕಿರಿಕಿರಿ, ಬೇಗ ಸಮಾಧಾನ ಆಗಲ್ಲ! ಇದು ಕೂಸುಗಳ ಸಹಜ ನಡವಳಿಕೆ, ಹಾಲು ಬಿಡಿಸಲು ಕಾರಣವಲ್ಲ ಅಂದರು ಸಂಶೋಧಕರು.

ನಮ್ಮಲ್ಲಿ ಆಗೋದೇ ಬೇರೆ. ಡಬ್ಬಿ ಹಾಲಿಗೆ ಹೊಟ್ಟೆ ತುಂಬಿದ ಕೂಸು ಎದೆ ಚೀಪೋದು ಕಡಿಮೆ ಮಾಡುತ್ತೆ. ಚೀಪೋದು ಕಡಿಮೆಯಾದರೆ ಹಾಲು ಊರೋದೂ ಕಡಿಮೆ. ಸುಳ್ಳೇ ಇದ್ದ ಭಯ ಹದಿನೈದು ದಿನದಲ್ಲಿ ನಿಜವಾಗಿಬಿಡುತ್ತೆ. ಮೇಲೆ ಡಬ್ಬಿಯ ಖರ್ಚು. ನೀರು ಸರಿಯಿಲ್ಲದಿದ್ದರೆ ವಾಂತಿ-ಭೇದಿ ಬೇರೆ.

1992ರ ಕಾಯ್ದೆ ಪ್ರಕಾರ ಕೂಸಿನ ಡಬ್ಬಿ ಹಾಲಿನ ಜಾಹೀರಾತು ಹಾಕುವಂತಿಲ್ಲ. ಟಿವಿಯಲ್ಲೂ ಇಲ್ಲ. ಆದರೆ ಸ್ವಾಮಿ, ಬಾಜೂ ಮನೆಯಲ್ಲಿ ಗಪ್ಪ ಮಲಗಿದ ಕೂಸಿಗಿಂತ ದೊಡ್ಡ ಜಾಹೀರಾತು ಬೇಕಾ?

ನಿಜಕ್ಕೂ ಹಾಲು ಕಡಿಮೆ ಇರುವ ತಾಯಂದಿರಿದ್ದಾರೆ. ಅದನ್ನು ಡಾಕ್ಟರು ನೋಡಿ ಹೇಳಲಿ, ಕಾಕಾ ಅಲ್ಲ. ಕೂಸು ಮಂಕಾಗಿದ್ದರೆ, ಜ್ವರ ಇದ್ದರೆ, ಎದೆಗೆ ಬಾಯಿ ಹಾಕದಿದ್ದರೆ, ಉಚ್ಚೆ ಕಡಿಮೆಯಾದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ನಮ್ಮ ಮನೆಗೆ ಬಂದ ಆಶಾ ಕಾರ್ಯಕರ್ತೆ ಕೂಸನ್ನು ತೂಗಿದಳು. ತೂಕ ಚೆನ್ನಾಗೇ ಏರಿತ್ತು. "ಅಕ್ಕಾರ, ಹಾಲು ಬರೋಬ್ಬರಿ ಅದಾವು. ಎದಿಗೆ ಹಚ್ಚರಿ, ಮತ್ತ ಮತ್ತ ಹಚ್ಚರಿ" ಅಂದಳು. ಡಬ್ಬಿ ಬಿಡಿಸಲು ಮೂರು ವಾರ ಹಿಡಿಯಿತು. ತಂಗಿ ಅತ್ತಿದ್ದು ಕೂಸಿಗಿಂತ ಹೆಚ್ಚು.

ಆ ಹುಡುಗ ಈಗ ಮೂರನೇ ತರಗತಿ. ಹಠ ಮಾತ್ರ ಇನ್ನೂ ಬಿಟ್ಟಿಲ್ಲ.